ಕಾಂಟ್ರಾಕ್ಟ್ ಸಾಫ್ಟ್‌ವೇರ್‌ನಲ್ಲಿ ನಮಗೆ ಬೇಕಾದ ಫೀಲ್ಡ್‌ಗಳು: ನಾನು ಮಾಡಿಕೊಂಡ ಬಗೆ

ಕಾಂಟ್ರಾಕ್ಟ್‌ಗಳನ್ನೆಲ್ಲ ಒಂದೇ ಸಾಫ್ಟ್‌ವೇರ್‌ಗೆ ತರಬೇಕು ಅಂತಾದಾಗ, ಫೀಲ್ಡ್‌ಗಳನ್ನು (ಅಂದರೆ ಪ್ರತಿ ಕಾಂಟ್ರಾಕ್ಟಿನ ಮಾಹಿತಿ ತುಂಬುವ ಖಾನೆಗಳನ್ನು) ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ಸೆಟ್ಟಿಂಗ್ಸ್ ತೆರೆಯುವ ಮೊದಲು ಲೀಗಲ್, ಪರ್ಚೇಸ್, ಅಕೌಂಟ್ಸ್ ವಿಭಾಗದವರ ಹತ್ತಿರ ಕೂತು ಮಾತಾಡಿದೆ. "ಯಾವ ಫೀಲ್ಡ್ ಬೇಕು?" ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಎಲ್ಲರೂ ಎಲ್ಲವೂ ಬೇಕು ಅನ್ನುತ್ತಾರೆ. "ಕಾಂಟ್ರಾಕ್ಟ್ ಬಗ್ಗೆ ನಿಮ್ಮನ್ನು ಪದೇ ಪದೇ ಯಾರು, ಏನು ಕೇಳ್ತಾರೆ?" ಅಂತ ಕೇಳಿದೆ. ಯಾವ ಪ್ರಶ್ನೆಗೂ ಉತ್ತರವಾಗದ ಫೀಲ್ಡನ್ನು ಪಟ್ಟಿಯಿಂದ ತೆಗೆದೆ. ಉತ್ತರವಾದರೂ, ತುಂಬುವವರು ಯಾರು ಅಂತ ಗೊತ್ತಾಗದ ಫೀಲ್ಡನ್ನೂ ತೆಗೆದೆ.

ಎಲ್ಲರೂ ಕೇಳಿದ್ದು ಮುಗಿಯುವ ದಿನಾಂಕ. ಆದರೆ ಅದೊಂದೇ ಸಾಲದು. ತಾನಾಗೇ ರಿನ್ಯೂ ಆಗುವ ಕಾಂಟ್ರಾಕ್ಟ್‌ನಲ್ಲಿ ಮುಂದುವರಿಸುವುದು ಬೇಡ ಅಂತ ನೋಟಿಸ್ ಕೊಡಬೇಕಾದ ಕಡೆಯ ದಿನವೇ ಮುಖ್ಯ. 2026ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, 90 ದಿನ ಮೊದಲೇ ನೋಟಿಸ್ ಕೊಡಬೇಕು ಅಂದರೆ ಅಕ್ಟೋಬರ್ 2ರೊಳಗೆ ತೀರ್ಮಾನ ಆಗಿರಬೇಕು. ಅದಕ್ಕೇ ಮೂರು ಫೀಲ್ಡ್ ಮಾಡಿದೆ: ಮುಗಿಯುವ ದಿನಾಂಕ, ನೋಟಿಸ್ ದಿನಗಳು, ನೋಟಿಸ್‌ನ ಕಡೆಯ ದಿನ. ಮೂರನೆಯದನ್ನು ಯಾರೂ ಟೈಪ್ ಮಾಡುವಂತಿಲ್ಲ, ಮೊದಲ ಎರಡರಿಂದ ಸಾಫ್ಟ್‌ವೇರೇ ಲೆಕ್ಕ ಹಾಕುತ್ತದೆ. ರಿಮೈಂಡರ್ ಕೂಡ ಅದರ ಮೇಲೇ ನಿಂತಿದೆ. ಮುಗಿಯುವ ದಿನವೇ ಇಲ್ಲದ ಕಾಂಟ್ರಾಕ್ಟ್‌ಗಳೂ ಇರುತ್ತವೆ. ಅಲ್ಲಿ ಸುಮ್ನೆ 2099 ಅಂತ ಹಾಕುವುದು ನನಗೆ ಇಷ್ಟವಿಲ್ಲ, ರಿಪೋರ್ಟ್ ಕೆಡುತ್ತದೆ. "ಅವಧಿಯ ಬಗೆ" ಅನ್ನುವ ಡ್ರಾಪ್‌ಡೌನ್ ಇಟ್ಟೆ. "ನಿಗದಿತ" ಅಂತ ಆರಿಸಿದರೆ ಮಾತ್ರ ಮುಗಿಯುವ ದಿನಾಂಕ ಕಡ್ಡಾಯ.

ನಾನು ಜಾಸ್ತಿ ತಲೆ ಕೆಡಿಸಿಕೊಂಡಿದ್ದು ಚೆಕ್‌ಬಾಕ್ಸ್ ಬಗ್ಗೆ. "ವೈಯಕ್ತಿಕ ಮಾಹಿತಿ ಹಂಚಿಕೆ ಇದೆಯಾ?" ಅನ್ನುವುದಕ್ಕೆ ಚೆಕ್‌ಬಾಕ್ಸ್ ಸುಲಭ, ಅಲ್ವಾ? ಆದರೆ ಟಿಕ್ ಇಲ್ಲದಿದ್ದರೆ ಏನರ್ಥ? ಹಂಚಿಕೆ ಇಲ್ಲ ಅಂತಲೋ, ಕಾಂಟ್ರಾಕ್ಟನ್ನು ಇನ್ನೂ ಯಾರೂ ಓದಿಲ್ಲ ಅಂತಲೋ? ಎರಡೂ ಒಂದೇ ಥರ ಕಾಣುತ್ತವೆ. ಆಡಿಟ್ ಮಾಡುವವರು ಕೇಳಿದಾಗ ಈ ವ್ಯತ್ಯಾಸ ಬಹಳ ದೊಡ್ಡದು. ಹಾಗಾಗಿ ಇಂಥ ಕಡೆಯೆಲ್ಲ "ಹೌದು", "ಇಲ್ಲ", "ಇನ್ನೂ ನೋಡಿಲ್ಲ" ಅನ್ನುವ ಮೂರು ಆಯ್ಕೆಗಳ ಡ್ರಾಪ್‌ಡೌನ್ ಮಾಡಿದೆ. ಮೊದಲಿಗೆ ತಾನಾಗೇ ಇರುವುದು "ಇನ್ನೂ ನೋಡಿಲ್ಲ". ಏನೇನು ಓದುವುದು ಬಾಕಿ ಇದೆ ಅನ್ನುವ ಪಟ್ಟಿ ಇದರಿಂದಲೇ ಸಿಗುತ್ತದೆ.

ಮೊತ್ತಕ್ಕೆ ನಂಬರ್ ಫೀಲ್ಡ್ ಬೇರೆ, ಕರೆನ್ಸಿ ಬೇರೆ. ಕರೆನ್ಸಿಗೆ INR, USD ಥರದ ಮೂರಕ್ಷರದ ಐಎಸ್‌ಒ 4217 ಕೋಡ್‌ಗಳ ಡ್ರಾಪ್‌ಡೌನ್. ಹೊಣೆಗಾರಿಕೆಯ ಮಿತಿ (ನಷ್ಟವಾದರೆ ಹೆಚ್ಚೆಂದರೆ ಎಷ್ಟು ತುಂಬಿಕೊಡಬೇಕು ಅನ್ನುವುದು) ಮಾತ್ರ ಇಷ್ಟು ಸಲೀಸಾಗಿರಲಿಲ್ಲ. ಕೆಲವು ಕಾಂಟ್ರಾಕ್ಟ್‌ಗಳಲ್ಲಿ ಅದು ಒಂದು ಮೊತ್ತ. ಇನ್ನು ಕೆಲವದರಲ್ಲಿ "ಹಿಂದಿನ 12 ತಿಂಗಳಲ್ಲಿ ಕೊಟ್ಟ ಶುಲ್ಕದಷ್ಟು". ಮಿತಿಯೇ ಇಲ್ಲದವೂ ಉಂಟು. ಅದನ್ನು ನಂಬರ್ ಫೀಲ್ಡ್‌ಗೆ ತುರುಕುವ ಬದಲು ಬಗೆಯನ್ನು ಡ್ರಾಪ್‌ಡೌನ್‌ನಲ್ಲಿಟ್ಟು, ವಿವರಕ್ಕೆ ಪಕ್ಕದಲ್ಲೇ ಟೆಕ್ಸ್ಟ್ ಫೀಲ್ಡ್ ಕೊಟ್ಟೆ.

ಕಂಪನಿಯ ಹೆಸರನ್ನು ಕೈಯಲ್ಲಿ ಟೈಪ್ ಮಾಡಲು ಬಿಡಲಿಲ್ಲ. "ಪ್ರೈವೇಟ್ ಲಿಮಿಟೆಡ್" ಅನ್ನುವುದನ್ನೇ ಜನ ನಾಲ್ಕು ಥರ ಬರೆಯುತ್ತಾರೆ. ವೆಂಡರ್ ಪಟ್ಟಿಯಿಂದ ಆರಿಸುವ ಫೀಲ್ಡ್ ಇಟ್ಟೆ. ತಿದ್ದುಪಡಿ ಕಾಂಟ್ರಾಕ್ಟ್ ಆದರೆ ಮೂಲ ಕಾಂಟ್ರಾಕ್ಟ್‌ನ ಲಿಂಕ್ ಕಡ್ಡಾಯ.

ಫೀಲ್ಡ್‌ನ ಬಗೆಯನ್ನು ಮಾತ್ರ ಮೊದಲೇ ಯೋಚಿಸಿ ಆರಿಸಿ. ಹೊರಗೆ ಕಾಣುವ ಹೆಸರನ್ನು ಸಾಮಾನ್ಯವಾಗಿ ಆಮೇಲೂ ಬದಲಿಸಬಹುದು. ಆದರೆ ಡೇಟಾ ತುಂಬಿದ ಮೇಲೆ ಟೆಕ್ಸ್ಟನ್ನು ದಿನಾಂಕಕ್ಕೆ ಬದಲಿಸಲು ಎಷ್ಟೋ ಸಾಫ್ಟ್‌ವೇರ್‌ಗಳು ಬಿಡುವುದೇ ಇಲ್ಲ.

ಹಳೆಯ ಕಾಂಟ್ರಾಕ್ಟ್‌ಗಳನ್ನು ಎಕ್ಸೆಲ್‌ನಿಂದ ತರುವಾಗ ದಿನಾಂಕಗಳನ್ನೆಲ್ಲ 2026-04-03ರ ರೀತಿಗೆ ತಂದುಕೊಂಡೆ. 03/04 ಅಂತಿದ್ದರೆ ಯಾವುದು ತಿಂಗಳು, ಯಾವುದು ದಿನ ಹೇಳುವುದು ಕಷ್ಟ. ಎಲ್ಲವನ್ನೂ ಒಟ್ಟಿಗೆ ಹಾಕಲಿಲ್ಲ. ಬೇರೆ ಬೇರೆ ಬಗೆಯ ಕೆಲವನ್ನು ಮೊದಲು ಹಾಕಿ, ಪಿಡಿಎಫ್ ಪಕ್ಕದಲ್ಲಿಟ್ಟು ಒಂದೊಂದೇ ಫೀಲ್ಡ್ ತಾಳೆ ನೋಡಿದೆ. ಆಮೇಲೆ ಚಾಲ್ತಿಯಲ್ಲಿರುವವು, ಅದರಲ್ಲೂ ನೋಟಿಸ್‌ನ ದಿನ ಹತ್ತಿರ ಇರುವವು. ಮುಗಿದುಹೋದವಕ್ಕೆ ಹೆಸರು, ದಿನಾಂಕ, ಪಿಡಿಎಫ್ ಇಷ್ಟೇ ಸಾಕು ಅಂತ ಬಿಟ್ಟೆ.