ಪ್ರೈಮರಿ ಶಾಲೆಯ ಕೌನ್ಸಿಲರ್ ಕೆಲಸ: ನನ್ನ ಅನುಭವ

ಪ್ರೈಮರಿ ಮಕ್ಕಳಿಗೆ ಕೌನ್ಸಿಲರ್ ಯಾಕೆ, ಅವರಿಗೇನು ಟೆನ್ಷನ್ ಇರುತ್ತೆ ಅಂತ ನಮ್ಮ ನೆಂಟರಲ್ಲೇ ಕೇಳುವವರಿದ್ದಾರೆ. ಶಾಲೆಯೊಳಗೆ ಬೇರೆ ಥರ. ಟೀಚರ್ ಒಬ್ಬರು ಹುಡುಗನ ಕೈ ಹಿಡಿದು ತಂದು ನನ್ನ ಬಾಗಿಲಲ್ಲಿ ನಿಲ್ಲಿಸಿ, "ಮೇಡಂ, ಇವನಿಗೆ ಸ್ವಲ್ಪ ಬುದ್ಧಿ ಹೇಳಿ" ಅನ್ನುತ್ತಾರೆ. ಬುದ್ಧಿ ಹೇಳುವವರು ಅವನಿಗೆ ಮನೆಯಲ್ಲಿ, ವ್ಯಾನಿನಲ್ಲಿ, ಟ್ಯೂಷನ್ನಿನಲ್ಲಿ ಬೇಕಾದಷ್ಟು ಇದ್ದಾರೆ. ನಾನು ಹುಡುಕುವುದು ಅವನ ಸುತ್ತ ಏನು ಸರಿಯಿಲ್ಲ ಅಂತ. ಸಿಕ್ಕಿದ ಮೇಲೆ ಅದನ್ನು ಸರಿ ಮಾಡಬೇಕಾದ ದೊಡ್ಡವರ ಹಿಂದೆ ಬೀಳುತ್ತೇನೆ. ಈ ಎರಡನೇ ಭಾಗಕ್ಕೇ ನನ್ನ ಸಮಯ ಜಾಸ್ತಿ ಹೋಗುವುದು.

ನಾನು ಮೈಸೂರಿನವಳು. ಬಿ.ಎ.ಯಲ್ಲಿ ಸೈಕಾಲಜಿ ಒಂದು ವಿಷಯವಾಗಿತ್ತು. ಆಮೇಲೆ ಬಿ.ಎಡ್. ಮಾಡಿ, ಒಂದು ಖಾಸಗಿ ಶಾಲೆಯಲ್ಲಿ ಮೂರು, ನಾಲ್ಕನೇ ಕ್ಲಾಸಿಗೆ ಕನ್ನಡ, ಇವಿಎಸ್ ಕಲಿಸುತ್ತಿದ್ದೆ. ಮಾನಸಗಂಗೋತ್ರಿಯ ಪಕ್ಕದಲ್ಲೇ ಇರುವ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಎಜುಕೇಷನ್‌ನಲ್ಲಿ ಎನ್‌ಸಿಇಆರ್‌ಟಿಯ ಗೈಡೆನ್ಸ್ ಅಂಡ್ ಕೌನ್ಸೆಲಿಂಗ್ ಡಿಪ್ಲೊಮಾ ಇದೆ ಅಂತ ಗೊತ್ತಾಗಿದ್ದು ಸಹೋದ್ಯೋಗಿಯೊಬ್ಬರಿಂದ. ಒಂದು ವರ್ಷದ ಕೋರ್ಸು. ಮೊದಲ ಆರು ತಿಂಗಳು ಮನೆಯಿಂದಲೇ ಓದು, ಮೂರು ತಿಂಗಳು ಕ್ಯಾಂಪಸ್‌ನಲ್ಲಿ ಕ್ಲಾಸು, ಕೊನೆಯ ಮೂರು ತಿಂಗಳು ನಮ್ಮೂರಿನ ಶಾಲೆಯಲ್ಲೇ ಇಂಟರ್ನ್‌ಷಿಪ್. ಈಗಾಗಲೇ ಟೀಚರ್ ಆಗಿರುವವರಿಗೆ ಇದು ನಿಜಕ್ಕೂ ಅನುಕೂಲ, ಕೆಲಸಕ್ಕೆ ವರ್ಷಪೂರ್ತಿ ರಜೆ ಹಾಕುವ ತಾಪತ್ರಯ ಇಲ್ಲ. ಆಮೇಲೆ ಇಗ್ನೋದಲ್ಲಿ ಎಂ.ಎ. ಸೈಕಾಲಜಿ ಮುಗಿಸಿದೆ, ಯಾಕೆಂದರೆ ಇಂಟರ್‌ವ್ಯೂಗಳಲ್ಲಿ ಡಿಪ್ಲೊಮಾ ಒಂದನ್ನೇ ನೋಡಿ ಮೂಗು ಮುರಿಯುವವರೂ ಇದ್ದರು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಕ್ಲಿನಿಕಲ್ ಸೈಕಾಲಜಿಸ್ಟ್ ಅಲ್ಲ. ಅದಕ್ಕೆ ಬೇರೆ ತರಬೇತಿ ಬೇಕು, ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಬೇಕು. ಹಾಗಾಗಿ ಯಾವ ಮಗುವಿಗೂ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ, ಡಿಸ್ಲೆಕ್ಸಿಯಾ (ಓದು ಬರಹದ ತೊಂದರೆ) ಇದೆ ಅಂತ ನಾನು ಬರೆದುಕೊಡುವುದಿಲ್ಲ. ಬರೆದುಕೊಡಿ ಅಂತ ಒತ್ತಡ ಬರುತ್ತೆ, ಪೋಷಕರಿಂದಲೂ, ಒಮ್ಮೊಮ್ಮೆ ಆಫೀಸಿನಿಂದಲೂ.

ನನ್ನ ದಿನ ಶುರುವಾಗುವುದು ರೂಮಿನಲ್ಲಲ್ಲ, ಗೇಟಿನಲ್ಲಿ. ಯಾರು ಅಮ್ಮನ ಚೂಡಿದಾರ್ ಬಿಡುತ್ತಿಲ್ಲ, ಯಾರು ಆಟೋದಿಂದ ಅಳುತ್ತಾ ಇಳಿದರು, ಯಾರ ಬ್ಯಾಗನ್ನು ಅಜ್ಜಿ ಹೊತ್ತುಕೊಂಡು ಬಂದಿದ್ದಾರೆ, ತಿಂಡಿ ತಿಂದ್ಯಾ ಪುಟ್ಟ ಅಂದರೆ ಯಾರು ಮುಖ ತಿರುಗಿಸುತ್ತಾರೆ, ಇಷ್ಟು ನೋಡಿದರೆ ಆ ದಿನ ಯಾರನ್ನು ಗಮನಿಸಬೇಕು ಅಂತ ಅರ್ಧ ಗೊತ್ತಾಗುತ್ತೆ. ಆಮೇಲೆ ಯಾವುದಾದರೂ ಒಂದು ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂರುತ್ತೇನೆ. ಮೊದಮೊದಲು ಟೀಚರ್‌ಗಳಿಗೆ ಇದು ಇನ್‌ಸ್ಪೆಕ್ಷನ್ ಥರ ಕಾಣುತ್ತಿತ್ತು. ಈಗ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ವ್ಯಾಲ್ಯೂ ಎಜುಕೇಷನ್ ಪೀರಿಯಡ್‌ನಲ್ಲಿ ಸರ್ಕಲ್ ಟೈಮ್ ಮಾಡುತ್ತೇನೆ, ಅಂದರೆ ಎಲ್ಲರೂ ಸುತ್ತ ಕೂತು ಮಾತಾಡುವುದು. ಕೋಪ ಬಂದಾಗ ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ, ಜಗಳ ಆದಮೇಲೆ ಮೊದಲು ಯಾರು ಮಾತಾಡಬೇಕು, ಇಂಥವು. ಒಂದೊಂದೇ ಮಗುವನ್ನು ಕೂರಿಸಿಕೊಂಡು ಮಾತಾಡುವುದು ಇಪ್ಪತ್ತು ನಿಮಿಷ ಆದರೆ ಹೆಚ್ಚು, ಅದಕ್ಕಿಂತ ಜಾಸ್ತಿ ಆದರೆ ಅವರು ಕುರ್ಚಿಯ ಕೆಳಗೆ ಇರುತ್ತಾರೆ. ಊಟದ ಬೆಲ್ ಆದಮೇಲೆ ಮಕ್ಕಳ ಜೊತೆಯೇ ಡಬ್ಬಿ ತೆಗೆಯುತ್ತೇನೆ. ಪಕ್ಕದಲ್ಲಿ ಯಾರೂ ಕೂರದ ಮಗು ಯಾವುದು ಅಂತ ಅಲ್ಲಿ ಗೊತ್ತಾಗುವಷ್ಟು ರೂಮಿನಲ್ಲಿ ಗೊತ್ತಾಗುವುದಿಲ್ಲ.

ಈ ವಯಸ್ಸಿನ ಮಕ್ಕಳಿಗೆ ದುಃಖ, ಭಯ ಎಲ್ಲಾ ಹೊಟ್ಟೆನೋವಾಗಿ ಬರುತ್ತೆ. ಭಾನುವಾರ ರಾತ್ರಿ ಶುರುವಾಗುತ್ತೆ, ಸೋಮವಾರ ವ್ಯಾನ್ ಹೋದಮೇಲೆ ವಾಸಿಯಾಗುತ್ತೆ. ನಾಟಕ ಅಂತ ದೊಡ್ಡವರು ಬೈಯುತ್ತಾರೆ. ಆದರೆ ನೋವು ನಿಜವಾಗಿಯೂ ಆಗುತ್ತಿರುತ್ತೆ.

ಎರಡನೇ ಕ್ಲಾಸಿನ ಒಬ್ಬಳು ಹುಡುಗಿಯ ವಿಷಯ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ. ವಾರಕ್ಕೆ ಎರಡು ಮೂರು ಸಲ ಸಿಕ್ ರೂಮಿಗೆ ಬರುತ್ತಿದ್ದಳು. ಮಕ್ಕಳ ಡಾಕ್ಟರ್ ನೋಡಿ ಏನೂ ಇಲ್ಲ ಅಂದಿದ್ದರು. ಅಮ್ಮ ಕೆಲಸಕ್ಕೆ ಸೇರಿದ್ದಾರೆ, ಅದಕ್ಕೇ ಹೀಗೆ ಅಂತ ಸ್ಟಾಫ್ ರೂಮಿನಲ್ಲಿ ತೀರ್ಮಾನ ಆಗಿಹೋಗಿತ್ತು. (ಅಮ್ಮ ಕೆಲಸಕ್ಕೆ ಹೋಗುವುದು ನಮ್ಮಲ್ಲಿ ಎಲ್ಲ ರೋಗಕ್ಕೂ ಕಾರಣ, ಅಪ್ಪ ಹೋದರೆ ಏನೂ ಆಗುವುದಿಲ್ಲ.) ನಾನು ಸಿಕ್ ರೂಮಿನ ರಿಜಿಸ್ಟರ್ ತಂದು ಅವಳು ಬಂದ ಹೊತ್ತನ್ನಷ್ಟೇ ಒಂದು ಹಾಳೆಯಲ್ಲಿ ಬರೆದುಕೊಂಡೆ. ಎಲ್ಲಾ ಇಂಟರ್‌ವಲ್ ಆದಮೇಲಿನ ಪೀರಿಯಡ್‌ಗಳೇ.

ಚಿಕ್ಕ ಮಕ್ಕಳನ್ನು "ಯಾಕೆ" ಅಂತ ಕೇಳಬಾರದು. ಕೇಳಿದರೆ "ಗೊತ್ತಿಲ್ಲ ಮಿಸ್" ಅನ್ನುತ್ತಾರೆ, ಅವರಿಗೆ ನಿಜವಾಗಿಯೂ ಗೊತ್ತಿರುವುದಿಲ್ಲ, ಅಥವಾ ನಮಗೆ ಇಷ್ಟವಾಗುವ ಉತ್ತರ ಹುಡುಕಿ ಕೊಡುತ್ತಾರೆ. ನಾನು ಒಂದು ದೊಡ್ಡ ಹಾಳೆ ಹಾಸಿ, ನಮ್ಮ ಶಾಲೆ ಬರಿ ನೋಡೋಣ ಅಂದೆ. ಗೇಟು, ಕ್ಲಾಸು, ಜಾರುಬಂಡಿ, ನೀರಿನ ನಲ್ಲಿ, ಟಾಯ್ಲೆಟ್ ಎಲ್ಲಾ ಬರೆದಳು. ಆಮೇಲೆ ಡಬ್ಬಿಯಲ್ಲಿದ್ದ ಬಟನ್‌ಗಳನ್ನು ಕೊಟ್ಟು, ಇಷ್ಟದ ಜಾಗಕ್ಕೆ ಹಸಿರು, ಬೇಡದ ಜಾಗಕ್ಕೆ ಕೆಂಪು ಇಡು ಅಂದೆ. ಕೆಂಪು ಬಟನ್ ಎಲ್ಲಾ ಟಾಯ್ಲೆಟ್ ಮೇಲೆ ಹೋಯಿತು. ಅಲ್ಲಿ ಒಳಗಿನ ಚಿಲಕ ಬಿಗಿ. ಒಂದು ದಿನ ಹಾಕಿಕೊಂಡವಳಿಗೆ ತೆಗೆಯಲು ಬಂದಿಲ್ಲ, ಕೂಗಿದರೂ ಯಾರಿಗೂ ಕೇಳಿಲ್ಲ. ಅವತ್ತಿನಿಂದ ಬೆಳಿಗ್ಗೆಯಿಂದ ಮನೆಗೆ ಹೋಗುವವರೆಗೂ ತಡೆದುಕೊಳ್ಳುತ್ತಿದ್ದಳು. ನೀರು ಕುಡಿಯುವುದನ್ನೂ ಬಿಟ್ಟಿದ್ದಳು. ಹೊಟ್ಟೆನೋವು ಬರದೆ ಇನ್ನೇನಾಗುತ್ತೆ?

ಬಡಗಿ ಬಂದು ಚಿಲಕ ಬದಲಾಯಿಸಿದರು. ಇಂಟರ್‌ವಲ್‌ನಲ್ಲಿ ಆಯಾಮ್ಮ ಹೊರಗೆ ನಿಂತಿರಲಿ ಅಂತ ಏರ್ಪಾಡಾಯಿತು. ಅವಳನ್ನು ಮತ್ತೆ ಅಲ್ಲಿಗೆ ಒಯ್ಯಲು ಸ್ವಲ್ಪ ದಿನ ಹಿಡಿಯಿತು: ಮೊದಲು ಬಾಗಿಲು ತೆರೆದೇ, ಆಮೇಲೆ ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿಕೊಂಡು, ಆಮೇಲೆ ಗೆಳತಿ ಹೊರಗೆ ನಿಂತು ಹಾಡು ಹೇಳುತ್ತಾ. ಆ ಚಿಲಕಕ್ಕೆ ದುಡ್ಡು ಸ್ಯಾಂಕ್ಷನ್ ಮಾಡಿಸಲು ನಾನು ಆಫೀಸಿಗೆ ಅಲೆದಿದ್ದು ಮಾತ್ರ ಅವಳ ಜೊತೆ ಮಾತಾಡಿದ್ದಕ್ಕಿಂತ ಜಾಸ್ತಿ.

ಓದಿನಲ್ಲಿ ಹಿಂದೆ ಬೀಳುವ ಮಕ್ಕಳ ವಿಷಯದಲ್ಲೂ ನನ್ನದು ಒಂದೇ ಹಟ: ಮೊದಲು ಕಣ್ಣು, ಕಿವಿ, ನಿದ್ದೆ. "ಗಮನ ಕೊಡಲ್ಲ, ತುಂಬಾ ಹೈಪರ್" ಅಂತ ಬಂದ ಹುಡುಗನಿಗೆ ಬೋರ್ಡೇ ಕಾಣುತ್ತಿರುವುದಿಲ್ಲ. ಪದೇ ಪದೇ ನೆಗಡಿ ಆಗುವ ಮಗುವಿನ ಕಿವಿಯಲ್ಲಿ ನೀರು ತುಂಬಿಕೊಂಡು ಅರ್ಧ ಮಾತು ಕೇಳಿಸುತ್ತಿರುವುದಿಲ್ಲ. ಇನ್ನು ನಿದ್ದೆ. ಮೈಸೂರಿನಲ್ಲಿ ಅಪ್ಪಂದಿರು ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುವ ಮನೆಗಳು ಎಷ್ಟೋ. ಅಪ್ಪನ ಮುಖ ನೋಡಿಯೇ ಮಲಗಬೇಕು ಅಂತ ಮಗು ಎದ್ದೇ ಇರುತ್ತೆ, ಬೆಳಿಗ್ಗೆ ಎರಡನೇ ಪೀರಿಯಡ್‌ಗೆ ತೂಕಡಿಸುತ್ತೆ, ಇಲ್ಲಾ ನಿದ್ದೆ ತಡೆಯೋಕೆ ಕುಣಿಯುತ್ತೆ. ಇಂಥ ಮನೆಯವರಿಗೆ ಮಗುವನ್ನು ಬೇಗ ಮಲಗಿಸಿ ಅಂತ ಹೇಳುವುದು ಸುಲಭ, ಹೇಗೆ ಮಲಗಿಸಬೇಕು ಅಂತ ಅವರ ಜೊತೆ ಕೂತು ಯೋಚಿಸುವುದು ಕಷ್ಟ. ಒಂದು ಮನೆಯಲ್ಲಿ ಅಪ್ಪ ರೈಲಿನಿಂದಲೇ ವಿಡಿಯೊ ಕಾಲ್‌ನಲ್ಲಿ ಕಥೆ ಹೇಳುತ್ತಾರೆ, ರಾಮನಗರ ದಾಟುವ ಹೊತ್ತಿಗೆ ನೆಟ್‌ವರ್ಕ್ ಕೈಕೊಡುತ್ತಂತೆ. ಆದರೂ ನಡೆಯುತ್ತಿದೆ.

ಇವೆಲ್ಲಾ ನೋಡಿದಮೇಲೂ ಓದು ಬರುತ್ತಿಲ್ಲ ಅಂದರೆ, ಮೂರನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಕಂಡರೆ ನಿಂತುಬಿಡುವುದು, ಮ ವ ಅದಲುಬದಲು, ಬಾಯಲ್ಲಿ ಚೆನ್ನಾಗಿ ಹೇಳುವವನು ಬರೆಯಲು ಕೂತರೆ ಎರಡು ಸಾಲಿಗೆ ಸುಸ್ತು, ಹೀಗಿದ್ದರೆ ಪರೀಕ್ಷೆಗೆ ಕಳಿಸುತ್ತೇನೆ. ಕಲಿಕೆಯ ತೊಂದರೆಯ ಸ್ಕ್ರೀನಿಂಗ್ ಎಂಟು ವರ್ಷ ಅಥವಾ ಮೂರನೇ ಕ್ಲಾಸಿನ ಹೊತ್ತಿಗೆ ಆಗಬೇಕು ಅಂತ ಸರ್ಕಾರದ ಮಾರ್ಗಸೂಚಿಯೇ ಇದೆ. ನಮ್ಮೂರಿನ ಪುಣ್ಯ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲೇ ಇದೆ. ಮಾತು, ಕಿವಿ, ಕಲಿಕೆ ಮೂರನ್ನೂ ಒಂದೇ ಕ್ಯಾಂಪಸ್‌ನಲ್ಲಿ ನೋಡುತ್ತಾರೆ. ಅದಕ್ಕಿಂತ ಗಂಭೀರ ಅನಿಸಿದರೆ ಬೆಂಗಳೂರಿನ ನಿಮ್ಹಾನ್ಸ್. ಬುದ್ಧಿಮಟ್ಟ ಅಳೆಯಲು ಬಿನೆ-ಕಾಮತ್ ಅಂತ ಒಂದು ಪರೀಕ್ಷೆ ಇದೆ. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಅಂತಲೇ ಅದನ್ನು ಹೊಂದಿಸಿದ್ದು. "ಈ ಇಂಗ್ಲಿಷ್ ಟೆಸ್ಟೆಲ್ಲಾ ನಮ್ಮ ಹುಡುಗನಿಗೆ ಹೊಂದಲ್ಲ" ಅನ್ನುವ ತಾತಂದಿರಿಗೆ ಇದನ್ನು ಹೇಳಿದರೆ ಸ್ವಲ್ಪ ಮೆತ್ತಗಾಗುತ್ತಾರೆ.

ಪೋಷಕರನ್ನು ಒಪ್ಪಿಸುವುದೇ ದೊಡ್ಡ ಕೆಲಸ. "ನನ್ನ ಮಗ ಹುಚ್ಚನಾ?" ಅಂತ ನೇರವಾಗಿ ಕೇಳಿದವರಿದ್ದಾರೆ. ನಾನು ಪಿಟಿಎಂ (ಪೋಷಕರು-ಟೀಚರ್‌ಗಳ ಸಭೆ) ದಿನ ಈ ವಿಷಯ ಎತ್ತುವುದೇ ಇಲ್ಲ, ಹಿಂದೆ ಕ್ಯೂ ಇರುತ್ತೆ, ಪಕ್ಕದ ಮನೆಯವರು ಕಿವಿ ಕೊಟ್ಟಿರುತ್ತಾರೆ. ಬೇರೆ ದಿನ ಕರೆಯುತ್ತೇನೆ, ಅಮ್ಮನ ಜೊತೆ ಅಪ್ಪನೂ ಬರಬೇಕು, ಮಗುವನ್ನು ನೋಡಿಕೊಳ್ಳುವುದು ಅಜ್ಜಿ ಆದರೆ ಅಜ್ಜಿಯೂ. ಮಗು ಏನು ಚೆನ್ನಾಗಿ ಮಾಡುತ್ತೆ ಅಂತ ನೋಟ್‌ಬುಕ್ ಇಟ್ಟುಕೊಂಡೇ ಮಾತು ಶುರು ಮಾಡುತ್ತೇನೆ. ಕಲಿಕೆಯ ತೊಂದರೆ ಇದೆ ಅನ್ನುವ ಸರ್ಟಿಫಿಕೇಟ್ ಇದ್ದರೆ ಮುಂದೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗುತ್ತೆ ಅನ್ನುವುದನ್ನೂ ಹೇಳುತ್ತೇನೆ. ಒಮ್ಮೆಗೇ ಒಪ್ಪುವವರು ಕಡಿಮೆ. ಮುಂದಿನ ಟರ್ಮ್‌ನಲ್ಲಿ ಅವರೇ ಫೋನ್ ಮಾಡುತ್ತಾರೆ.

ಮಕ್ಕಳು ಹೇಳಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ, ಒಂದನ್ನು ಬಿಟ್ಟು. ಯಾರಾದರೂ ಮಗುವಿಗೆ ನೋವು ಮಾಡುತ್ತಿದ್ದಾರೆ ಅನ್ನುವ ಮಾತು ಬಂದರೆ ಗುಟ್ಟು ಇಟ್ಟುಕೊಳ್ಳಲು ಬರುವುದಿಲ್ಲ, ಅದನ್ನು ಮಗುವಿಗೂ ಮೊದಲೇ ಅದರ ಭಾಷೆಯಲ್ಲಿ ಹೇಳಿರುತ್ತೇನೆ. ಲೈಂಗಿಕ ದೌರ್ಜನ್ಯ ಆದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅನುಮಾನ ಇದ್ದರೂ ಸಾಕು. ಸುಮ್ಮನಿದ್ದರೆ ನಮಗೇ ಶಿಕ್ಷೆ. ಶಾಲೆಯ ಹೆಸರು ಹಾಳಾಗುತ್ತೆ ಅಂತ ಯಾರು ಎಷ್ಟೇ ಹೇಳಿದರೂ ಇದರಲ್ಲಿ ಚೌಕಾಸಿ ಇಲ್ಲ. ಮಗುವಿನ ಮಾತನ್ನು ಅದು ಹೇಳಿದ ಹಾಗೇ, ತಾರೀಖು ಹಾಕಿ ಬರೆದುಕೊಳ್ಳಬೇಕು, ಮತ್ತೆ ಮತ್ತೆ ಕೆದಕಿ ಕೇಳಬಾರದು. 1098 ಮಕ್ಕಳ ಸಹಾಯವಾಣಿ ನಂಬರ್ ನಮ್ಮ ಪ್ರತಿ ಕ್ಲಾಸಿನ ಗೋಡೆಯ ಮೇಲೂ ಇದೆ, ಮಕ್ಕಳ ಕಣ್ಣಿಗೆ ಕಾಣುವ ಎತ್ತರದಲ್ಲಿ.

ಇನ್ನು ಸಂಬಳ, ಕೆಲಸದ ಭದ್ರತೆ. ಸಿಬಿಎಸ್‌ಇ ನಿಯಮದಲ್ಲಿ ಕೌನ್ಸಿಲರ್ ಕಡ್ಡಾಯ ಆಗಿದ್ದು ಹೈಸ್ಕೂಲು ಮಕ್ಕಳನ್ನು ಗಮನದಲ್ಲಿಟ್ಟುಕೊಂಡು. ಹಾಗಾಗಿ ಬಹಳ ಕಡೆ ಒಬ್ಬರೇ ಇಡೀ ಶಾಲೆಗೆ. ಪರೀಕ್ಷೆ ಹತ್ತಿರ ಬಂತೆಂದರೆ ಹತ್ತನೇ ಕ್ಲಾಸಿನವರೇ ಎಲ್ಲಾ ಸಮಯ ತಿನ್ನುತ್ತಾರೆ, ಚಿಕ್ಕವರಿಗೆ ಉಳಿಯುವುದು ಚೂರುಪಾರು. ಪ್ರೈಮರಿಗೆ ಅಂತಲೇ ಹುದ್ದೆ ಇರುವ ಶಾಲೆ ಸಿಗುವುದು ಅದೃಷ್ಟ, ನನಗೆ ಸಿಕ್ಕಿತು. ಸಂಬಳ ಟೀಚರ್‌ಗಳ ಸಂಬಳದ ಆಸುಪಾಸು, ಅದಕ್ಕಿಂತ ಮೇಲೆ ಕನಸು ಕಾಣಬೇಡಿ.

ಈ ಕೆಲಸಕ್ಕೆ ಬರಬೇಕು ಅನ್ನುವವರು ಇಂಟರ್‌ವ್ಯೂನಲ್ಲಿ ಮೂರು ಪ್ರಶ್ನೆ ನೀವೇ ಕೇಳಿ. ಬಾಗಿಲು ಮುಚ್ಚಬಹುದಾದ ಒಂದು ರೂಮು ಕೊಡುತ್ತಾರಾ, ಇಲ್ಲಾ ಲೈಬ್ರರಿಯ ಮೂಲೆಯಾ? ಟೀಚರ್ ರಜೆ ಹಾಕಿದಾಗ ನಿಮ್ಮನ್ನು ಸಬ್‌ಸ್ಟಿಟ್ಯೂಷನ್‌ಗೆ ಕಳಿಸುತ್ತಾರಾ? ನೀವು ಬರೆದಿಟ್ಟ ನೋಟ್ಸ್ ಯಾರ ಬೀರುವಿನಲ್ಲಿರುತ್ತೆ, ಕೀಲಿ ಯಾರ ಹತ್ತಿರ? ಎರಡನೆಯದಕ್ಕೆ "ಯಾವಾಗಲಾದರೂ ಒಮ್ಮೆ ಅಷ್ಟೇ ಮೇಡಂ" ಅಂದರೆ, ವಾರಕ್ಕೆ ನಾಲ್ಕು ಪೀರಿಯಡ್ ಅಂತ ಲೆಕ್ಕ ಹಾಕಿಕೊಂಡೇ ಸಂಬಳದ ಮಾತಾಡಿ.