ಪೇಪರ್ ಆರ್ಡರ್ ಬಿಟ್ಟು ಟಾಕ್ ಕೊಟ್ಟಿದ್ದು: ನನ್ನ ಅನುಭವ

"ಇದೇನು ಸೆಮಿನಾರಾ, ಹರಿಕಥೇನಾ? ಮೆಥಡ್ಸ್ ಎಲ್ಲಿ?" ಅಂದಿದ್ರು ನಮ್ಮ ಗೈಡು, ನಾನು ಮೊದಲ ಸಲ ರಿಸರ್ಚ್ ಟಾಕನ್ನ ಒಗಟಿನ ಕಥೆ ಥರ ಕೊಟ್ಟಾಗ. ಈಗ ಹೊಸಬ್ರು ಟಾಕ್ ಕೊಡೋ ಮುಂಚೆ ಅವರೇ ನನ್ನ ಹತ್ರ ಕಳಿಸ್ತಾರೆ, ಅದಕ್ಕೇ ಬರೀತಿದೀನಿ.

ನನ್ನ ಕೆಲಸ ಬಯೋಫಿಲ್ಮ್ ಮೇಲೆ, ಅಂದ್ರೆ ಬ್ಯಾಕ್ಟೀರಿಯಾ ಒಂದು ಕಡೆ ಅಂಟ್ಕೊಂಡು ಕಟ್ಟೋ ಪದರ. ಮೊದ್ಲು ಎಲ್ರ ಥರ ಇಂಟ್ರೊ, ಮೆಥಡ್ಸ್, ರಿಸಲ್ಟ್ಸ್ ಅಂತ ಪೇಪರ್ ಆರ್ಡರಲ್ಲೇ ಹೋಗ್ತಿದ್ದೆ, 15 ನಿಮಿಷಕ್ಕೆ ನಲವತ್ತರ ಹತ್ರ ಸ್ಲೈಡು, ರಿಸಲ್ಟ್ ಬರೋ ಹೊತ್ತಿಗೆ ಟೈಮ್ ಮುಗೀತು ಅಂತ ಚೀಟಿ ಬರ್ತಿತ್ತು. ಚೆಂದ ಮಾಡಿದ್ರೆ ಸರಿಹೋಗತ್ತೇನೋ ಅಂತ ದುಡ್ಡು ಕೊಟ್ಟು ಆನಿಮೇಷನ್ ಮಾಡಿಸ್ದೆ, ಹೆಚ್ಚುಕಮ್ಮಿ ಒಂದು ತಿಂಗಳ ಫೆಲೋಶಿಪ್ ಅದಕ್ಕೇ ಹೋಯ್ತು, ಕೊನೆಗೆ ಬಂದ ಪ್ರಶ್ನೆ ಒಂದೇ: ವಿಡಿಯೋ ಯಾವ ಸಾಫ್ಟ್‌ವೇರಲ್ಲಿ ಮಾಡಿದ್ದು? ಐಕಾನ್ ಪ್ಯಾಕಿಗೆ ಹಾಕಿದ ದುಡ್ಡಂತೂ ಲೆಕ್ಕಕ್ಕೇ ಇಲ್ಲ.

ಕೆಲಸ ಮಾಡಿದ್ದು ಪುಕ್ಕಟೆ ಐಡಿಯಾ. ಮೊದಲನೇ ಸ್ಲೈಡಲ್ಲೇ ಒಗಟು: ಟ್ಯೂಬಲ್ಲಿ ತೇಲೋ ಬ್ಯಾಕ್ಟೀರಿಯಾ ಸಾಯೋ ಆಂಟಿಬಯೋಟಿಕ್ ಡೋಸಿಗೆ, ಅದೇ ಬ್ಯಾಕ್ಟೀರಿಯಾ ಕ್ಯಾಥೆಟರ್‌ಗೆ (ರೋಗಿ ಮೈಯೊಳಗೆ ಹಾಕೋ ಕೊಳವೆ) ಅಂಟ್ಕೊಂಡು ಪದರ ಕಟ್ಟಿದ್ರೆ ಸಾಯಲ್ಲ, ಮ್ಯುಟೇಷನ್ ಏನೂ ಆಗಿಲ್ಲ, ಹಾಗಾದ್ರೆ ಯಾಕೆ? ಔಷಧಿ ಒಳಗೆ ಇಳೀತಿಲ್ವಾ ಅನ್ನೋ ಅನುಮಾನ ಎಲ್ರಿಗೂ ಬರುತ್ತೆ, ನಮಗೂ ಅದೇ ಬಂದಿದ್ದು, ಆ ಐಡಿಯಾ ಬಿದ್ದುಹೋದ ಎಕ್ಸ್‌ಪೆರಿಮೆಂಟನ್ನ ಯಾರಾದ್ರೂ ಕೇಳಿದ್ರೆ ಇರ್ಲಿ ಅಂತ ಕೊನೇಲಿಟ್ಟಿದ್ದ ಬ್ಯಾಕಪ್ ಸ್ಲೈಡಿಂದ ಎತ್ತಿ ನಡುಮಧ್ಯಕ್ಕೆ ತಂದೆ. ಔಷಧಿ ತಳದ ತನಕ ಇಳಿದಿದೆ! ಆಮೇಲೇ ಗೊತ್ತಾಗೋದು, ತಳದಲ್ಲಿ ಆಕ್ಸಿಜನ್, ಊಟ ಎರಡೂ ಕಮ್ಮಿ, ಕೋಶಗಳು ಬೆಳೀತಾನೇ ಇಲ್ಲ, ಬೆಳೆಯೋ ಕೋಶನ ಕೊಲ್ಲೋ ಔಷಧಿ ಏನ್ ಮಾಡೀತು. ಮೆಥಡ್ಸ್ ಬೇಕಾದ ಕಡೆ ಒಂದೊಂದು ಸಾಲು, ಅಷ್ಟೇ.

ಸ್ಲೈಡ್ ತಲೆಬರಹ ಪೂರ್ತಿ ವಾಕ್ಯ ಇರ್ಬೇಕು. "ಕಾನ್‌ಫೋಕಲ್ ರಿಸಲ್ಟ್ಸ್" ಅಂದ್ರೆ (ಕಾನ್‌ಫೋಕಲ್ ಒಂದು ಥರ ಮೈಕ್ರೋಸ್ಕೋಪು) ಯಾರಿಗೆ ಏನು ಗೊತ್ತಾಗತ್ತೆ? "ಔಷಧಿ ಇಳಿದಿದೆ, ಕೋಶ ಬದುಕಿವೆ" ಅಂತ ಹಾಕಿ. ಗ್ರಾಫ್ ವಿಷಯದಲ್ಲಿ, ಹಾರಿದ ಸ್ವಲ್ಪ ಹೊತ್ತಿಗೇ ಸಿಡಿದುಹೋದ ನಾಸಾ ನೌಕೆ ಚಾಲೆಂಜರ್ ನೆನಪಿಸ್ಕೊಳ್ಳಿ, 1986ರಲ್ಲಿ ಉಡಾವಣೆ ಹಿಂದಿನ ರಾತ್ರಿ ಇಂಜಿನಿಯರ್‌ಗಳು ಚಳಿಗೆ ಓ-ರಿಂಗ್ (ರಾಕೆಟ್ ಜೋಡಣೆ ಮುಚ್ಚೋ ರಬ್ಬರ್ ಬಳೆ) ಕೈಕೊಡುತ್ತೆ ಅಂತ ಬಡ್ಕೊಂಡ್ರು, ಆದ್ರೆ ಹಿಂದಿನ ಎಲ್ಲಾ ಉಡಾವಣೆಗಳ ತಾಪಮಾನ, ಡ್ಯಾಮೇಜು ಎರಡನ್ನೂ ಒಂದೇ ಗ್ರಾಫಲ್ಲಿ ತೋರಿಸ್ಲಿಲ್ಲ.

ಮಧ್ಯೆ ಒಂದು ಪ್ರಯೋಗ ಮಾಡ್ದೆ, ಮೊದ್ಲು ಖಾಲಿ ಆಕ್ಸಿಸ್ ಮಾತ್ರ ತೋರಿಸಿ ಗೆರೆ ಎಲ್ಲಿಗೆ ಹೋಗ್ಬಹುದು ಅಂತ ಕೇಳಿ, ಆಮೇಲೆ ಡೇಟಾ ಹಾಕೋದು. ಮೊಬೈಲ್ ನೋಡ್ತಿದ್ದೋರೆಲ್ಲ ತಲೆ ಎತ್ತಿದ್ರು. ಕಾಮನಬಿಲ್ಲಿನ ಬಣ್ಣದ ಹೀಟ್‌ಮ್ಯಾಪ್ ಬಿಟ್ಟು ಬಣ್ಣಗುರುಡು ಇರೋರಿಗೂ ತಿಳಿಯೋ ವಿರಿಡಿಸ್ ಅನ್ನೋ ಬಣ್ಣದ ಸೆಟ್‌ಗೆ ಬಂದೆ, ಯುರೋಪ್ ಮೂಲದ ಗಂಡಸರಲ್ಲೇ ಕೆಂಪು-ಹಸಿರು ಸರಿಯಾಗಿ ಗೊತ್ತಾಗದವರು ನೂರಕ್ಕೆ ಎಂಟರಷ್ಟು ಇರ್ತಾರೆ. ಕಥೆ ಹೇಳ್ತೀನಿ ಅಂತ ಎರರ್ ಬಾರ್ (ಅಳತೆ ಎಷ್ಟು ಹೆಚ್ಚುಕಮ್ಮಿ ಇರ್ಬಹುದು ಅಂತ ತೋರಿಸೋ ಗೆರೆ) ಕಿತ್ತಾಕೋರೂ ಇದಾರೆ, ಅದು ಬರೀ ಬುರುಡೆ.

ಒಗಟಿನ ಮೊದಲ ವಾಕ್ಯ ಹೇಗೆ ಹುಡುಕ್ತೀನಿ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

3 ನಿಮಿಷ, ಒಂದೇ ಸ್ಲೈಡು ಅನ್ನೋ ಸ್ಪರ್ಧೆಗೆ ಇದನ್ನೇ ಇಳಿಸೋಕೆ ಹೋದೆ, ಒಂದೇ ಅನುಮಾನ ಹಿಡಿಸ್ತು, ಉಳಿದಿದ್ದೆಲ್ಲ ಕತ್ತರಿಸ್ದೆ. ಪೋಸ್ಟರ್‌ಗೆ ಮಾತ್ರ ಈ ವಿಧಾನ ಒಗ್ಗಲ್ಲ, ನಡ್ಕೊಂಡು ಹೋಗೋರು ಒಗಟು ಬಿಡಿಸ್ತಾ ನಿಲ್ಲಲ್ಲ, ಅಲ್ಲಿ ಉತ್ತರಾನೇ ದೊಡ್ಡಕ್ಷರದಲ್ಲಿ ನಡುವೆ ಹಾಕ್ಬಿಡ್ತೀನಿ.