ಮಳೆ ಹಿಂದಾದ ಮೇಲೆ ಬೋಗನ್‌ವಿಲ್ಲಾ ಸವರುವುದು: ನನ್ನ ಅನುಭವ

ಶಿರಸಿ ಕಡೆ ಬೋಗನ್‌ವಿಲ್ಲಾ ಸಾಕಿದವರದ್ದು ಹೆಚ್ಚಾಗಿ ಒಂದೇ ದೂರು. ಗಿಡ ಮಾಡು ಹತ್ತಿದೆ, ಮುಳ್ಳು ಜಾಸ್ತಿ, ಹೂವೇ ಇಲ್ಲ. ನಮ್ಮ ಗೇಟಿನ ಪಕ್ಕದ್ದು ಈಗ ಡಿಸೆಂಬರಿನಿಂದ ಬೇಸಿಗೆ ಮುಗಿಯುವ ತನಕ ಕಂತು ಕಂತಾಗಿ ಹೂ ಬಿಡುತ್ತದೆ. ವರ್ಷಾ ವರ್ಷ ಸರಿಯಾದ ಹೊತ್ತಿಗೆ ಸವರುತ್ತೇನೆ, ಅಂದರೆ ಟೊಂಗೆ ಕತ್ತರಿಸುತ್ತೇನೆ, ಅಷ್ಟೇ.

ಕತ್ತರಿ ಹಿಡಿಯುವ ಮೊದಲು ಒಂದು ಎಲೆಯ ಬುಡವನ್ನು ಕಣ್ಣಿನ ಹತ್ತಿರ ತಂದು ನೋಡಿ. ಎಲೆತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ಮುಳ್ಳು ಇರುತ್ತದೆ. ಹೂ ಬಿಟ್ಟ ಟೊಂಗೆಯಲ್ಲಿ ಅದೇ ಸಂದಿಯಿಂದ ಹೂಗೊಂಚಲು ಹೊರಟಿರುತ್ತದೆ. ಅಲ್ಲಿ ಹುಟ್ಟುವ ಮೊಗ್ಗು ಮುಳ್ಳೂ ಆಗಬಹುದು, ಹೂವೂ ಆಗಬಹುದು. ನೀರು, ಗೊಬ್ಬರ ಧಾರಾಳ ಸಿಕ್ಕಿ ಗಿಡ ಸೊಕ್ಕಿ ಬೆಳೆಯುವಾಗ ಅದು ಮುಳ್ಳಾಗುತ್ತದೆ. ಬಿಸಿಲು ಚೆನ್ನಾಗಿ ಬಿದ್ದು, ಬುಡ ಒಣಗಿ, ಹಗಲು ಚಿಕ್ಕದಾಗುತ್ತಾ ಬಂದಾಗ ಹೂವಾಗುತ್ತದೆ. ಇದು ತಲೆಗೆ ಹೋದ ಮೇಲೆ ನನಗೆ ಇಡೀ ಕೆಲಸ ಸುಲಭವಾಯಿತು. ನಮ್ಮ ಮಳೆಗಾಲದಲ್ಲಿ ಗಿಡ ಸೊಕ್ಕದೆ ಇರುತ್ತದಾ? ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಬರೀ ಉದ್ದುದ್ದ ಚಿಗುರು ಬಿಡುತ್ತದೆ, ಒಂದೊಂದರ ಮುಳ್ಳೂ ಬೆರಳಿನ ಗೆಣ್ಣಿನಷ್ಟು. ಆಗ ಹೂವಿಗಾಗಿ ಕತ್ತರಿಸಿ ಪ್ರಯೋಜನ ಇಲ್ಲ, ಮತ್ತೆ ಅಂಥದ್ದೇ ಚಿಗುರು ಬರುತ್ತದೆ. ದಾರಿಗೆ ಬಾಗಿದ್ದು, ಕರೆಂಟು ತಂತಿ ಕಡೆ ಹೊರಟಿದ್ದು, ಅಷ್ಟನ್ನು ಮಾತ್ರ ತೆಗೆಯುತ್ತೇನೆ. ತಂತಿಗೆ ತಾಗಿಯೇ ಬಿಟ್ಟಿದ್ದರೆ ಅದು ಲೈನ್‌ಮನ್ ಕೆಲಸ, ನಾವು ಕೈ ಹಾಕಬಾರದು.

ದೊಡ್ಡ ಸವರಾಟ ನವರಾತ್ರಿಗೂ ದೀಪಾವಳಿಗೂ ನಡುವೆ. ಮಳೆ ಹಿಂದಾಗಿ ನಾಲ್ಕು ದಿನ ಬಿಸಿಲು ಬಿದ್ದಿರಬೇಕು. ಮೊದಲು ಗಿಡದ ಒಳಗೆ ಹೋಗುತ್ತೇನೆ, ಹೊರಗಿನ ಅಂದ ಆಮೇಲೆ. ಒಣಗಿದ್ದು, ಒಂದಕ್ಕೊಂದು ಉಜ್ಜುವಂಥದ್ದು, ಬುಡದಿಂದ ನೆಟ್ಟಗೆ ಎದ್ದ ನೀರು ಚಿಗುರು, ಎಲ್ಲ ಬುಡಸಮೇತ ಹೊರಗೆ. ದಪ್ಪದ್ದಕ್ಕೆ ಕೈಗರಗಸವೇ ಬೇಕು, ಕತ್ತಿಯಲ್ಲಿ ಹೊಡೆದರೆ ತೊಗಟೆ ಸೀಳುತ್ತದೆ. ಒಳಗೆ ಬೆಳಕು ಆಡುವ ಹಾಗಾದ ಮೇಲೆ, ಹೋದ ವರ್ಷ ಹೂ ಬಿಟ್ಟ ಟೊಂಗೆಗಳನ್ನು ಎರಡು ಮೂರು ಗೆಣ್ಣು ಉಳಿಸಿ, ಹೊರಗೆ ಮುಖ ಮಾಡಿದ ಕಣ್ಣಿನ (ಚಿಗುರು ಒಡೆಯುವ ಜಾಗದ) ಸ್ವಲ್ಪ ಮೇಲೆ ಕತ್ತರಿಸುತ್ತೇನೆ. ಬೋಗನ್‌ವಿಲ್ಲಾ ಹೂ ಬಿಡುವುದು ಹೊಸ ಚಿಗುರಿನಲ್ಲಿ, ಹಾಗಾಗಿ ಧೈರ್ಯವಾಗಿ ಕತ್ತರಿಸಬಹುದು. ಹೊಸದು ಗೇಣುದ್ದ ಆದಾಗ ತುದಿ ಚಿವುಟಿದರೆ ಒಂದರ ಜಾಗದಲ್ಲಿ ಎರಡು ಮೂರು ಕವಲು.

ದಪ್ಪ ಗಾಯಕ್ಕೆ ಬೋರ್ಡೋ ಮುಲಾಮು, ಅಂದರೆ ಮೈಲುತುತ್ತ, ಸುಣ್ಣ ನೀರಲ್ಲಿ ಕಲಸಿದ್ದು, ಹಚ್ಚುತ್ತೇನೆ. ಅಡಿಕೆ ತೋಟ ಇದ್ದವರ ಮನೆಯಲ್ಲಿ ಮೈಲುತುತ್ತ, ಸುಣ್ಣ ಇದ್ದೇ ಇರುತ್ತದೆ ಅಲ್ವಾ? ಅಡಿಕೆಯ ಕೊಳೆರೋಗಕ್ಕೆ ಹೊಡೆಯುವುದು 100 ಲೀಟರ್ ನೀರಿಗೆ ಒಂದೊಂದು ಕಿಲೋ. ಮುಲಾಮಿಗೆ ಅದೇ ಒಂದೊಂದು ಕಿಲೋ 10 ಲೀಟರಿಗೆ. ನಮಗೆ ಬೇಕಾಗುವುದು ಒಂದು ಚಿಪ್ಪಿನಷ್ಟು, ಅದೇ ಲೆಕ್ಕದಲ್ಲಿ ಇಳಿಸಿ ಕಲಸಿಕೊಳ್ಳಿ. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಆಗಲಿ.

ಕೈಗವಸು ಬೆರಳನ್ನು ಕಾಯುತ್ತದೆ, ಮುಂಗೈಯನ್ನು ಕಾಯುವುದಿಲ್ಲ. ನಾನು ಅಡಿಕೆ ಹಾಳೆಯನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಮಣಿಕಟ್ಟಿನಿಂದ ಮೊಣಕೈ ತನಕ ಸುತ್ತಿ ಬಾಳೆನಾರಿನಲ್ಲಿ ಕಟ್ಟಿಕೊಳ್ಳುತ್ತೇನೆ. ಬೋಗನ್‌ವಿಲ್ಲಾ ಮುಳ್ಳು ಅದನ್ನು ದಾಟಿದ್ದು ಕಡಿಮೆ. ಕತ್ತರಿಸಿದ ಟೊಂಗೆಯನ್ನು ಕೈಯಲ್ಲಿ ಎಳೆಯಬೇಡಿ, ಅದು ತಿರುಗಿ ಮುಖಕ್ಕೆ ಹೊಡೆಯುತ್ತದೆ, ದೋಟಿಯ ಕೊಕ್ಕೆ ಹಾಕಿ ಎಳೆಯಿರಿ. ಸವರಿದ್ದನ್ನು ಸೊಪ್ಪಿನ ಜೊತೆ ಸೇರಿಸಲೇ ಬೇಡಿ. ಆ ಸೊಪ್ಪು ಕೊಟ್ಟಿಗೆಗೆ ಹೋಗುತ್ತದೆ, ಮುಳ್ಳು ಒಣಗಿದಷ್ಟೂ ಗಟ್ಟಿ, ದನದ ಗೊರಸಿನ ಸಂದಿಗೆ ಚುಚ್ಚಿದರೆ ಪಾಪ ಅದು ಹೇಳುವುದು ಯಾರಿಗೆ? ನಾನು ಬಸಳೆ ಚಪ್ಪರದ ಬುಡಕ್ಕೆ ಸುತ್ತ ಒಡ್ಡುತ್ತೇನೆ, ಕೋಳಿ ಕೆದರುವುದು ನಿಂತಿದೆ.

ಸವರಿದ ಮೇಲೆ ಒಂದು ಬುಟ್ಟಿ ಹಳೇ ಗೊಬ್ಬರ, ಎರಡು ಮುಷ್ಟಿ ಒಲೆ ಬೂದಿ. ಯೂರಿಯಾ ಬೇಡವೇ ಬೇಡ. ಚಿಗುರು ಬಲಿತ ಮೇಲೆ ನೀರು ಕಡಿಮೆ ಮಾಡಬೇಕು, ಎಲೆ ಸ್ವಲ್ಪ ಬಾಡುವ ತನಕ ಕಾಯಬೇಕು. ಇದು ನನಗೂ ಮೊದಲು ಸಂಕಟದ ಕೆಲಸವೇ ಆಗಿತ್ತು, ಬಾಡಿದ ಗಿಡ ನೋಡಿಕೊಂಡು ಸುಮ್ನೆ ಇರುವುದು ಹೇಗೆ ಅಂತ. ಆದರೆ ಹೂವು ಬರುವುದು ಆ ಒಣಗಿನಿಂದಲೇ. ಕಾರವಾರ, ಅಂಕೋಲೆ ಕಡೆ ಉಸುಕು ನೆಲದಲ್ಲಿ ನೀರು ತಾನೇ ಇಂಗಿ ಹೋಗುತ್ತದೆ, ಉಪ್ಪು ಗಾಳಿಯನ್ನೂ ಈ ಗಿಡ ತಾಳಿಕೊಳ್ಳುತ್ತದೆ. ಅಲ್ಲಿನವರು ಮೇ ಕೊನೆಗೆ ತಲೆಭಾರ ಇಳಿಸಿದರೆ ಸಾಕು, ಮಳೆಗಾಳಿಗೆ ಬುಡ ಅಲ್ಲಾಡುವುದಿಲ್ಲ.

ಗುಲಾಬಿಯನ್ನೂ ಅದೇ ವಾರ ಸವರುತ್ತೇನೆ. ಮಳೆಗೆ ತುದಿಯಿಂದ ಕಪ್ಪಾಗಿ ಇಳಿದ ಕಡ್ಡಿಯನ್ನು ಒಳಗಿನ ತಿರುಳು ಬೆಳ್ಳಗೆ ಕಾಣುವ ತನಕ ಕತ್ತರಿಸುತ್ತಾ ಬರಬೇಕು. ಕಂದು ಬಣ್ಣ ಉಳಿದರೆ ಮತ್ತೆ ಕೆಳಗೆ ಇಳಿಯುತ್ತದೆ. ಸುಮಾರು ಒಂದೂವರೆ ತಿಂಗಳಿಗೆ ಹೂವು. ಬೋಗನ್‌ವಿಲ್ಲಾದ ಮೊದಲ ಕಂತು ಬಣ್ಣ ಬಿಟ್ಟು ಉದುರಿದಾಗ, ಗೊಂಚಲಿನ ಕೆಳಗೆ ಒಂದು ಗೇಣು ಮಾತ್ರ ತೆಗೆದು ಬಿಡಿ, ಬೇಸಿಗೆಗೆ ಇನ್ನೊಂದು ಕಂತು ಬರುತ್ತದೆ.